ಅವ್ವನೇ ಕಟ್ ಮಾಡಿದ ಕಾಲ್

ಅಕ್ಕನ ಎಡಗೈ ಅಂಗೈ ತುಂಬ ಬಾಲ್‌ಪೆನ್ನಿನ ಅಕ್ಷರ, ಉಗುರಿನ ಸಂದಿಯಲ್ಲಿ ಗ್ರೀಸು. ಬೆಂಗಳೂರಿನ ಬಾಗಲಗುಂಟೆಯ ವಠಾರದಲ್ಲಿ ನಮ್ಮ ಪಕ್ಕದ ಮನೆಯವಳು. ಗದಗದ ಕಡೆಯಿಂದ ಬಂದು ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದಳು. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ನಮಗೆ ಹೇಳಬೇಕಾದ್ದನ್ನು ಅಂಗೈಯಲ್ಲಿ ಬರೆದು ತೋರಿಸುತ್ತಿದ್ದಳು. ಊರಲ್ಲಿದ್ದ ಅವಳ ಅವ್ವನಿಗೆ ಓದು ಬಾರದು. ಅವರಿಬ್ಬರ ನಡುವೆ ಇದ್ದದ್ದು ಚಿಕ್ಕಂದಿನಿಂದ ತಾವೇ ಕಟ್ಟಿಕೊಂಡ ಕೈಭಾಷೆ ಒಂದೇ.

ಅದು ಟೂಜಿ ಕಾಲ. ಪ್ರತಿ ಭಾನುವಾರ ಅಕ್ಕ ಬರೆದದ್ದನ್ನು ನಾನು ಫೋನಿನಲ್ಲಿ ಅವ್ವನಿಗೆ ಓದಿ ಹೇಳುತ್ತಿದ್ದೆ, ಅವರು ಹೇಳಿದ್ದನ್ನು ಬರೆದು ಕೊಡುತ್ತಿದ್ದೆ. ಬೇಸರವಾದರೆ ಎರಡು ಸಾಲು ನುಂಗಿಯೂ ಬಿಡುತ್ತಿದ್ದೆ, ಕಳ್ಳ ನಾನು. ಅವಳಿಗದು ಗೊತ್ತಾಯಿತು. ಒಂದು ದಿನ ಅಂಗೈ ಚಾಚಿದಳು: "ನನ್ನ ಮಾತು ನಾನೇ ಆಡಬೇಕು."

ತ್ರೀಜಿಯಲ್ಲಿ ವಿಡಿಯೊ ಕಾಲ್ ಸಿಕ್ಕಿತು, ಆದರೆ ಚಿತ್ರ ನಿಂತು ನಿಂತು ಬರುತ್ತಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡೆ ಎಂದು ಅಕ್ಕ ತೋರಿಸುವಾಗ ಚಿತ್ರ ಅಲ್ಲೇ ನಿಂತು ಕಾಲ್ ಕಟ್ಟಾಯಿತು. ಮರುದಿನ ನೋಡಿದರೆ, ಅವ್ವ ರೊಟ್ಟಿ ಗಂಟು ಹೊತ್ತು ವಠಾರದ ಬಾಗಿಲಲ್ಲಿ.

"ತಲಿ ಮ್ಯಾಲ ಕೈ ಹೊತ್ತು ಕುಂತಿದ್ಲಲ್ಲೋ ತಮ್ಮಾ, ಏನಾತೋ ಅಂತ ಓಡಿ ಬಂದೆ" ಎಂದರು.

ಅಕ್ಕ ಮೊದಲು ನಕ್ಕಳು, ಆಮೇಲೆ ಅತ್ತಳು.

ಮುಂದೆ ನಾನು ಟವರ್ ಕೆಲಸಕ್ಕೆ ಸೇರಿದೆ. ಅವಳ ಊರಿಗೂ ನಮ್ಮ ಬೀದಿಗೂ ಕೊನೆಗೂ ಫೋರ್‌ಜಿ ಬಂದ ದಿನ, ಮೊಬೈಲಿನಲ್ಲಿ ಸ್ಪೀಡ್ ತೋರಿಸಿ ಬೀಗಿದೆ. ಅಕ್ಕ ಅದನ್ನು ನೋಡಲೇ ಇಲ್ಲ. ಟೆರೇಸ್ ಹತ್ತಿ, ನೀರಿನ ಟ್ಯಾಂಕಿಗೆ ಫೋನ್ ಒರಗಿಸಿ, ಎರಡೂ ಕೈಯಲ್ಲಿ ಮಾತಿಗಿಳಿದಳು. ಅವ್ವ ಯಾವುದೋ ಗಂಡಿನ ವಿಚಾರ ಎತ್ತಿದರು, ಇವಳು ಬೇಡವೆಂದಳು, ಶುರುವಾಯಿತು ಜಗಳ. ಕೈಗಳು ಎಷ್ಟು ಬೀಸಾಡಿದರೂ ಒಂದು ಬೆರಳೂ ಮಸುಕಾಗಲಿಲ್ಲ. ಕಡೆಗೆ ಅವ್ವ ಕೈಮುಗಿದು, ಮುಖ ತಿರುಗಿಸಿ, ಕಾಲ್ ಕಟ್ ಮಾಡಿದರು.

"ಪಾಪ, ಬೇಜಾರ್ ಮಾಡ್ಕೊಂಡ್ರು ಕಣೋ" ಎಂದರು ನಮ್ಮಮ್ಮ.

ಅಕ್ಕ ಮಾತ್ರ ಗೆದ್ದವಳಂತೆ ಕುಣಿಯುತ್ತ ಬರೆದಳು: "ನೆಟ್‌ವರ್ಕ್ ಅಲ್ಲ, ಅವ್ವನೇ ಕಟ್ ಮಾಡಿದ್ದು!"

ಆಮೇಲೆ ತಾನು ಮೆಚ್ಚಿದವನನ್ನೇ ಮದುವೆಯಾಗಿ ತುಮಕೂರು ರಸ್ತೆಯ ಮಾಕಳಿಗೆ ಹೋದಳು. ನನಗೆ ಈ ಕೆಲಸ ನಿಜವಾಗಿ ಕಲಿಸಿದವಳು ಅವಳೇ. ಈಗ ಫೈವ್‌ಜಿ ಆಂಟೆನಾ ಕೂರಿಸುತ್ತೇನೆ. ಸ್ಪೀಡ್ ಎಷ್ಟು ಬಂತೆಂದು ಆಫೀಸಿನವರು ಕೇಳುತ್ತಾರೆ, ಹೇಳುತ್ತೇನೆ. ಸಲಕರಣೆಯ ಬ್ಯಾಗ್ ಮಾತ್ರ ಆಗಲೇ ಮುಚ್ಚುವುದಿಲ್ಲ. ಅಕ್ಕನಿಗೆ ವಿಡಿಯೊ ಕಾಲ್ ಮಾಡುತ್ತೇನೆ, ಅವಳು ಅವ್ವನನ್ನೂ ಸೇರಿಸಿಕೊಳ್ಳುತ್ತಾಳೆ. ಅವರಿಬ್ಬರೂ ನನ್ನನ್ನು ಮರೆತು ಮಾತಿಗೆ ಬಿದ್ದಾಗ, ಕೆಲಸ ಮುಗಿಯಿತೆಂದು ಹೊರಡುತ್ತೇನೆ.