ಬಿದಿರು ದಬ್ಬೆಯ ಕಟ್ಟು

ನಿಮ್ಮ ಚಿಕ್ಕತಾತನ ಕಾಲಿನ ಹೆಬ್ಬೆರಳುಗಳಲ್ಲಿ ಉಗುರು ನಿಲ್ಲುತ್ತಿರಲಿಲ್ಲ. ಕಪ್ಪಗಾಗಿ ಉದುರುತ್ತಿತ್ತು, ಹೊಸದು ಮೂಡುವಷ್ಟರಲ್ಲಿ ಆಟದ ಬೂಟಿನೊಳಗೆ ಮತ್ತೆ ಜಜ್ಜಿಹೋಗುತ್ತಿತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಈ ಮೈದುನನಿಗೆ ಎಂಟು ವರ್ಷ, ತಾಯಿ ಇರಲಿಲ್ಲ. ತಲೆಗೆ ಎಣ್ಣೆ ಒತ್ತಿ ಬೆಳೆಸಿದವಳು ನಾನು. ಮುಂದೆ ಬೆಂಗಳೂರಿನ ದೊಡ್ಡ ತಂಡವೊಂದು ಸಂಬಳ ಕೊಟ್ಟು ಫುಟ್‌ಬಾಲ್ ಆಡಲು ಕರೆದುಕೊಂಡಿತು. ಕ್ಯಾಪ್ಟನ್ ಆದ.

ರಜೆಗೆ ಬಂದರೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವುದು ಅವನೇ. ತಟ್ಟೆಯ ಅಂಚಿನಲ್ಲಿ ಹಿಂದುಳಿದ ಸಣ್ಣ ಹುಳುಗಳಿಗೆ ಮೊದಲು ಎಳೆಸೊಪ್ಪು ಇಡುತ್ತಿದ್ದ. "ಇವೂ ಬಲ್ತ್ರೆ ತಾನೇ ಅತ್ತಿಗಮ್ಮ, ಎಲ್ಲಾ ಒಟ್ಗೆ ಗೂಡು ಕಟ್ಟೋದು" ಎನ್ನುತ್ತಿದ್ದ.

ಒಂದೇ ಒಂದು ಸಲ ನಾನೂ ನಿಮ್ಮ ತಾತನೂ ಅವನ ಆಟ ನೋಡಲು ಹೋಗಿದ್ದೆವು. ಗೋಲ್‌ಕೀಪರ್ ಹುಡುಗ ಕೈಗೆ ಬಂದ ಚೆಂಡು ಬಿಟ್ಟ, ಸೋತರು. ಜನ ಬೈಯುತ್ತಿದ್ದರು. ಇವನು ಆ ಹುಡುಗನ ಹೆಗಲ ಮೇಲೆ ಕೈ ಹಾಕಿ, ಬೈಗುಳ ಬರುತ್ತಿದ್ದ ಕಡೆಗೆ ತಾನಿದ್ದು, ಮೈದಾನ ದಾಟಿಸಿದ.

ಊರಿಗೆ ಮರಳುವಾಗ ಚನ್ನಪಟ್ಟಣದ ಬಸ್ಸಿನಲ್ಲಿ ತಾತ ಅವನನ್ನು ಕೇಳಿದರು, "ಏನ್ಲಾ, ಅವ್ನು ಕೈಗೆ ಹರಳೆಣ್ಣೆ ಹಚ್ಕಂಡು ಬಂದಿದ್ನಾ?"

"ಚೆಂಡು ಅವನ್ತಂಕ ಹೋಗಕ್ಕೆ ಬುಟ್ಟೋನು ನಾನಲ್ವಾ ಅಣ್ಣ."

ಮಾರನೆ ವರ್ಷ ಆಟದಲ್ಲಿ ಅವನ ಮಂಡಿ ತಿರುಚಿತು. ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಅಲುಗಿಸಬೇಡ ಎಂದು ಡಾಕ್ಟರು ಎರಡು ವಾರ ಮನೆಗೆ ಕಳಿಸಿದರು. ನನಗೆ ಕುಯ್ಯುವುದೆಂದರೆ ಭಯ.

"ಕಾಲು ಕುಯ್ಸ್ಕಂಡೋನು ಮತ್ತೆ ಓಡಾನೇನಪ್ಪಾ? ಕನಕಪುರದ ಕಡೆ ಕಟ್ಟು ಕಟ್ಟೋರವ್ರೆ. ನಮ್ಮಪ್ಪನ ಮುರ್ದ ಕೈ ಅವ್ರೇ ನೆಟ್ಗೆ ಮಾಡಿದ್ದು."

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. "ಆಯ್ತು ಅತ್ತಿಗಮ್ಮ, ನಡಿ."

ತಾತನಿಗೆ ಹೇಳದೆ ಹೋದೆವು. ಅಲ್ಲಿ ಮಂಡಿ ಎಳೆದು ನೀವಿದರು. ಬಿದಿರು ದಬ್ಬೆಯಿಟ್ಟು ಬಿಗಿದು ಎಣ್ಣೆ ಸುರಿದರು. ಎಣ್ಣೆಯ ಘಾಟು ಹುಳುವಿಗಾಗದೆಂದು ಅವನು ಹುಳುಮನೆಯೊಳಗೆ ಬರುತ್ತಿರಲಿಲ್ಲ, ಹೊರಗೆ ಕಲ್ಲಿನ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಹತ್ತು ದಿನಕ್ಕೆ ಕಟ್ಟು ಬಿಚ್ಚಿದರೆ ಮಂಡಿ ಊದಿಕೊಂಡಿತ್ತು, ಪಾದ ತಣ್ಣಗಿತ್ತು.

ಬೆಂಗಳೂರಿಗೆ ಹೋದರೆ, ಬಿಗಿದ ಕಟ್ಟಿಗೆ ಕಾಲಿನ ನರ ಕೆಟ್ಟಿದೆ, ಇನ್ನು ಆಡುವ ಮಾತಿಲ್ಲ ಎಂದರು ಡಾಕ್ಟರು. ಯಾರು ಹೇಳಿದ್ದು ಇದನ್ನು ಕಟ್ಟಿಸಲು ಎಂದು ರೇಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ನಾನೇ ಹಟ ಮಾಡ್ದೆ ಸಾರ್. ಮನೇಲಿ ಎಲ್ರೂ ಬ್ಯಾಡ ಅಂದ್ರು."

ಅಣ್ಣನಿಗೂ ತಂಡದವರಿಗೂ ತನ್ನದೇ ಹಟವೆಂದು ಹೇಳಿದ. ತಾತ ಸಾಯುವವರೆಗೂ ಅವನನ್ನು ಮೊಂಡ ಎಂದು ಬೈದರು. ನಾನು ಮುದ್ದೆ ಇಕ್ಕುತ್ತಾ ಕೇಳಿಸಿಕೊಂಡೆ. ತಾತ ಹೋದ ಮೇಲೆ ಒಂದು ದಿನ, ನನ್ನಿಂದ ಹಿಂಗಾಯ್ತು ಕಣಪ್ಪಾ ಎಂದೆ. "ಒಲ್ಲೆ ಅನ್ನಕ್ಕೆ ನಂಗೂ ಬಾಯಿತ್ತಲ್ಲ. ಒಸಿ ಸಾರು ಬುಡು" ಎಂದ.

ಹಿಪ್ಪುನೇರಳೆ ಸಾಲಿನಲ್ಲಿ ಮೂವತ್ತು ವರ್ಷ ಕುಂಟಿದ. ಹೋದ ವರ್ಷ ತೀರಿಕೊಂಡಾಗ ಆ ಗೋಲ್‌ಕೀಪರ್ ಬಂದಿದ್ದ, ತಲೆಯೆಲ್ಲ ನರೆತಿತ್ತು. "ಅಷ್ಟು ತಿಳ್ದೋರು, ಅದೊಂದು ಹಟ ಯಾಕ್ ಮಾಡುದ್ರೋ" ಎಂದು ಬಿಕ್ಕಿದ. ನಾನು ಬಾಯಿ ತೆರೆದೆ. ನಾಲ್ಕು ಜನರ ಮುಂದೆ ನನಗೆ ಎಂದೂ ಮಾತು ಬಂದಿಲ್ಲ, ಅಂದೂ ಬರಲಿಲ್ಲ. ಅದಕ್ಕೇ ನಿಮಗೆ ಇದನ್ನು ಬರೆದಿದ್ದೇನೆ. ತಿಳಿಯಬೇಕಾಗಿದ್ದ ತಾತ ಇಲ್ಲ.

ಅಂದು ಮಣ್ಣಿಗೆ ಹೊರಡಿಸುವ ಮೊದಲು ಅವನ ಹೆಬ್ಬೆರಳೆರಡನ್ನೂ ಸೇರಿಸಿ ದಾರ ಕಟ್ಟಿದರು. ಎರಡರಲ್ಲೂ ಉಗುರು ಪೂರ್ತಿ ಬೆಳೆದು ನಿಂತಿತ್ತು.