ಎರಡನೇ ಸಲದ ರಕ್ತ

ಐವತ್ತರ ದಶಕದ ಕೊನೆ. ಸೊರಬದ ಕಾಡಂಚಿನ ಹಳ್ಳಿಗಳಲ್ಲಿ ಮಂಗಗಳು ಸಾಯತೊಡಗಿದ್ದವು, ಹಿಂದೆಯೇ ಮನುಷ್ಯರೂ. ನಾನು ಆಗ ದೂರದ ಊರಿನ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಹುಟ್ಟಿದ್ದು ಶಿಕಾರಿಪುರ, ಆ ಸೀಮೆಯ ಮಾತು ಬರುತ್ತದೆ ಎಂಬ ಒಂದೇ ಯೋಗ್ಯತೆಯ ಮೇಲೆ ನಮ್ಮ ಪ್ರೊಫೆಸರು ನನ್ನನ್ನು ಜೀಪಿಗೆ ಹತ್ತಿಸಿಕೊಂಡು ಬಂದರು. ಜ್ವರ ಬಂದವರ ರಕ್ತ ತೆಗೆದು, ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುವುದು ನನ್ನ ಕೆಲಸ. ಜ್ವರ ಇರುವಾಗ ಒಮ್ಮೆ, ಮೂರು ವಾರದ ಮೇಲೆ ಇನ್ನೊಮ್ಮೆ. ಎರಡನ್ನೂ ಹೋಲಿಸಿದರೇನೇ ರೋಗ ಯಾವುದೆಂದು ಗಟ್ಟಿಯಾಗುವುದು ಎಂದು ಪ್ರೊಫೆಸರು ಪಾಠ ಮಾಡಿದ್ದರು. ಔಷಧಿಯ ಪಾಠ ಮಾಡಿರಲಿಲ್ಲ, ಏಕೆಂದರೆ ಔಷಧಿಯೇ ಇರಲಿಲ್ಲ.

ಒಂದು ಮನೆಯ ಜಗಲಿಯ ಮೇಲೆ ನನ್ನ ವಯಸ್ಸಿನವನೇ ಒಬ್ಬ ಮಲಗಿದ್ದ, ಕಣ್ಣು ಕೆಂಡವಾಗಿತ್ತು. ಗದ್ದೆಯಂಚಿನಲ್ಲಿ ಅವನಿಗೆ ಸತ್ತ ಮಂಗ ಸಿಕ್ಕಿತ್ತಂತೆ. ಹನುಮಪ್ಪನನ್ನು ನಾಯಿನರಿಗಳ ಪಾಲಿಗೆ ಬಿಡಲಾದೀತೇ? ಕುಂಕುಮವಿಟ್ಟು, ಬಿಳಿ ಬಟ್ಟೆ ಹೊದಿಸಿ, ಎದೆಗವಚಿಕೊಂಡು ಹೋಗಿ ಮಣ್ಣು ಮಾಡಿ, ಕಾಯಿ ಒಡೆದು ಬಂದಿದ್ದ. ಮಂಗನ ಮೈ ತಣ್ಣಗಾದರೆ ಅದರ ರಕ್ತ ಹೀರುತ್ತಿದ್ದ ಉಣುಗುಗಳು ಬಿಸಿ ಮೈ ಹುಡುಕಿಕೊಂಡು ಹೊರಡುತ್ತವೆ, ರೋಗ ತರುವುದು ಅವೇ ಇರಬೇಕು ಎಂದು ನಾನು ಅವನ ಹೆಂಡತಿಗೆ ವಿವರಿಸಿದೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ. ದೇವರಿಗೆ ಮಣ್ಣು ಕೊಟ್ಟದ್ದು ತಪ್ಪಾಯಿತೇ ಎಂದು ಆಕೆ ಕೇಳಿದಳು. ನಾನು ಪೆಟ್ಟಿಗೆ ತೆರೆದು ಸಿರಿಂಜು ಕೈಗೆತ್ತಿಕೊಂಡೆ.

ರಕ್ತ ತೆಗೆದೆ. ಮೂರು ವಾರ ಬಿಟ್ಟು ಮತ್ತೆ ಬರುತ್ತೇನೆ, ಇವರ ರಕ್ತ ಇನ್ನೊಂದು ಸಲ ಬೇಕು ಎಂದೆ. ಆಕೆಯ ಮುಖ ಅರಳಿತು.

"ಮತ್ತೆ ಬತ್ತೀರಿ ಅಂದ್ರೆ ಇವ್ರು ಉಳೀತಾರೆ ಅಂತಾನೇ ಅಲ್ವೇನ್ರೀ?"

ನಾನು ರಕ್ತದ ಸೀಸೆಗೆ ಚೀಟಿ ಅಂಟಿಸಿ ಐಸಿನಲ್ಲಿಟ್ಟೆ. ಪ್ರೊಫೆಸರು ಜೀಪಿನ ಹಾರ್ನ್ ಒತ್ತುತ್ತಿದ್ದರು.

ಅವನಿಗೆ ಜ್ವರ ಬಿಟ್ಟಿದೆ, ಗಂಜಿ ಕುಡಿದು ಕೊಟ್ಟಿಗೆಯವರೆಗೆ ನಡೆದ ಎಂದು ಸೊರಬದ ಸಂತೆಯಲ್ಲಿ ಆ ಊರಿನವರೊಬ್ಬರು ಹೇಳಿದರು. ಹುಚ್ಚನ ಹಾಗೆ ಹಿಗ್ಗಿದೆ. ಈ ಕಾಯಿಲೆ ಬಿಟ್ಟಂತೆ ಮಾಡಿ ಮತ್ತೆ ಹಿಡಿಯುತ್ತದೆಂಬುದು ನಮಗೂ ಆಗಿನ್ನೂ ತಿಳಿದಿರಲಿಲ್ಲ. ಅದೇ ವಾರ ಪ್ರಯೋಗಾಲಯದಿಂದ ತಂತಿ ಬಂತು. ಅವನ ರಕ್ತ ಚುಚ್ಚಿದ ಇಲಿಮರಿಗಳು ಸತ್ತಿದ್ದವು, ವೈರಸ್ ಸಿಕ್ಕಿತ್ತು. ಪ್ರೊಫೆಸರು ಪ್ರವಾಸಿ ಬಂಗಲೆಯಲ್ಲಿ ಎಲ್ಲರಿಗೂ ಕೇಸರಿಬಾತು ಮಾಡಿಸಿದರು. ನಾನೂ ತಿಂದೆ.

ಹೇಳಿದ ವಾರಕ್ಕೆ ಹೋದಾಗ ಜಗಲಿಯಲ್ಲಿ ಹಾಸಿಗೆ ಇರಲಿಲ್ಲ. ಎರಡನೇ ಸಲ ಹಿಡಿದ ಜ್ವರ ತಲೆಗೇರಿ, ಹೆಂಡತಿಯ ಗುರುತೂ ಹತ್ತದೆ ಹೋಗಿಬಿಟ್ಟನಂತೆ. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಂದವರಿಗೆ ಕೊಡುವಂತೆ ನೀರು, ಬೆಲ್ಲ ತಂದಿಟ್ಟು, ನನ್ನ ಕೈಯ ಪೆಟ್ಟಿಗೆಯನ್ನೇ ನೋಡುತ್ತ ನಿಂತಳು.

"ಪಕ್ಕದ್ಮನೆ ಹುಡ್ಗೀಗೂ ಜ್ವರ ಐತೆ ಕಣ್ರೀ. ಹೋಗಿ ರಕ್ತ ತಗಳ್ಳಿ. ಮತ್ತೆ ಬತ್ತೀನಿ ಅಂತ ಮಾತ್ರ ಅವ್ಳ ಅವ್ವಂಗೆ ಹೇಳ್ಬ್ಯಾಡ್ರಿ."

ಪೆಟ್ಟಿಗೆ ಎತ್ತಿಕೊಂಡು ಆ ಮನೆಗೆ ಹೋದೆ. ಏನೂ ಹೇಳದೆ ರಕ್ತ ತೆಗೆದುಕೊಂಡು ಬಂದೆ.