ಒಂದೇ ಮಂಚದ ಖೋಲಿ

ಸ್ವರ್ಗದ ವರ್ಣನೆ ಕಿವಿಗೆ ಬಿದ್ದರೆ ಇತ್ತೀಚೆಗೆ ನನಗೆ ಮೈಯೆಲ್ಲ ಉರಿಯುತ್ತದೆ. ತೋಬಾ, ತಪ್ಪು ತಿಳಿಯಬೇಡಿ. ನನ್ನ ಜಗಳ ಸ್ವರ್ಗದ ಜೊತೆಗಲ್ಲ, ಅದನ್ನು ಒರಗಿಕೊಂಡು ಕೇಳುವ ಗಂಡಸರ ಜೊತೆಗೆ.

ಘಾಟ್ಕೋಪರಿನ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ನಡುವೆ ಪರದೆ, ಆಚೆ ಬೈಠಕ್, ಈಚೆ ಅಡುಗೆ. ರವಿವಾರ ಮಿಲ್ಲಿಗೆ ರಜೆ, ಹಾಗಾಗಿ ಬಿಜಾಪುರದ ಕಡೆಯ ನಾಲ್ಕಾರು ಮಂದಿ ನಮ್ಮಲ್ಲಿ ಸೇರುತ್ತಾರೆ. ಅವರಲ್ಲಿ ಹಿರಿಯರಾದ ಚಾಚಾ ಕುರ್‌ಆನ್ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಮನೆಗಿರುವ ಒಂದೇ ಮಂಚ, ದಿಂಬು, ಚಾಪೆ ಎಲ್ಲ ಆ ಗಂಡಸರ ಪಾಲು. ಪರದೆಯ ಈಚೆ ನಾನು, ಅತ್ತೆ ಮತ್ತು ಸ್ಟೋವು. ನಾವಿಬ್ಬರೂ ಕೂತರೆ ಚಹಾದ ಪಾತ್ರೆಗೆ ಜಾಗವಿಲ್ಲ, ನಿಂತೇ ಇರುತ್ತೇವೆ. ಅತ್ತೆಯ ಕಾಲು ಬಾತಿವೆ. ಕಾಲು ಎತ್ತರಕ್ಕಿಟ್ಟು ಮಲಗದಿದ್ದರೆ ಮುಂದೆ ನಡೆಯುವುದೇ ಕಷ್ಟ ಎಂದು ಡಾಕ್ಟರರು ಹೇಳಿದ್ದಾರೆ. ಎಲ್ಲಿ ಮಲಗಬೇಕೆಂದು ಹೇಳಿಲ್ಲ.

ಚಾಚಾ ಹೇಳುವುದು ಚೆಂದ. ಎತ್ತರದ ಮಂಚಗಳು, ಸಾಲಾಗಿಟ್ಟ ದಿಂಬುಗಳು, ಕೈಗೆಟಕುವ ಹಣ್ಣು. ಅಲ್ಲಿ ದಣಿವು ಮುಟ್ಟುವುದಿಲ್ಲ, ಕಾಡುಹರಟೆ ಕಿವಿಗೆ ಬೀಳುವುದಿಲ್ಲ. ಹರಟೆಯಿಲ್ಲದೆ ನಾನು ಅಲ್ಲಿ ಹೇಗೆ ದಿನ ಕಳೆಯುವೆನೋ ಎಂಬ ಚಿಂತೆ ನನಗಿದ್ದೇ ಇದೆ. ಗಂಡಸರು ಮಾತ್ರ 'ಸುಭಾನಲ್ಲಾ' ಎಂದು ಇನ್ನಷ್ಟು ಒರಗುತ್ತಾರೆ. ಅಲ್ಲ, ಇವರಿಗೆ ಈಗ ಏನು ಕಡಿಮೆಯಾಗಿದೆ? ಮಂಚವಿದೆ, ದಿಂಬಿದೆ, ಕರೆದರೆ ಚಹಾ ಪರದೆ ದಾಟಿ ಬರುತ್ತದೆ. ಪುಣ್ಯ ಮಾಡುವ ಮೊದಲೇ ಫಲ ಉಣ್ಣುತ್ತ ಕೂತವರಿಗೆ ಬೇರೆ ಸ್ವರ್ಗ ಯಾತಕ್ಕೆ?

ಕಳೆದ ರವಿವಾರ ಚಾಚಾ ಒಂದು ಆಯತ್‌ನ ಅರ್ಥ ಹೇಳಿದರು. ಸ್ವರ್ಗ ಸೇರಿದವರೂ ಅವರ ಜೋಡಿಯವರೂ ನೆರಳಿನಲ್ಲಿ ಮಂಚಗಳ ಮೇಲೆ ಒರಗಿರುತ್ತಾರಂತೆ. ಚಾಚಾನ ಪಕ್ಕ ಮಂಚದ ಮೇಲಿದ್ದ ನನ್ನ ಮಾವ ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ ಕಣ್ಣು ತೆರೆಯದೆಯೇ ಪರದೆಯತ್ತ, "ಇನ್ನೊಂದು ಸಲ ಚಹಾ ಆಗ್ಲಿ" ಎಂದರು.

ಅತ್ತೆ ಗಾಳಿ ಬಿಟ್ಟು ಸ್ಟೋವು ಆರಿಸಿದರು. ತಲೆಯ ಮೇಲೆ ಸೆರಗೆಳೆದುಕೊಂಡು, ಪರಗಂಡಸರಿದ್ದಾಗ ಎಂದೂ ಸರಿಸದ ಪರದೆ ಸರಿಸಿ ಮಂಚದ ಹತ್ತಿರ ಹೋಗಿ ನಿಂತರು.

"ಏನಾತು?" ಮಾವ ಗಾಬರಿಯಿಂದ ಕೇಳಿದರು.

"ಜೋಡಿಯವ್ರೂ ಅಂತ ಚಾಚಾ ಈಗ ಅಂದ್ರಲ್ಲ. ತುಸು ಸರೀರಿ. ಕಾಲು ಭಾಳ ನೋಯಾಕ್ಹತ್ಯಾವ."

ಮಾವ ಚಾಚಾನ ಮುಖ ನೋಡಿದರು. ಚಾಚಾ ಕುರ್‌ಆನ್ ಎದೆಗವಚಿಕೊಂಡು ಮಂಚದಿಂದಿಳಿದು ಚಾಪೆಯ ಮೇಲೆ ಕೂತರು. "ಇಳೀರಿ, ಅವ್ರು ಹೇಳೂದು ಖರೇ ಐತಿ" ಎಂದರು. ಮಾವನೂ ಇಳಿದರು. ಅತ್ತೆ ದಿಂಬಿನ ಮೇಲೆ ಕಾಲು ಚಾಚಿ ಗೋಡೆಯ ಕಡೆ ಹೊರಳಿದರು, ಸ್ವಲ್ಪ ಹೊತ್ತಿಗೆ ನಿದ್ದೆಯೂ ಹೋದರು. ಚಾಚಾ ಉಳಿದದ್ದನ್ನು ಪಿಸುದನಿಯಲ್ಲಿ ಓದಿದರು.

ದಣಿವೇ ಇಲ್ಲದ ಕಡೆ ಮಂಚವೇಕೆ ಎಂದು ನಾನು ಎಷ್ಟೋ ಸಲ ತಲೆ ಕೆಡಿಸಿಕೊಂಡದ್ದುಂಟು. ಗೌರವಕ್ಕೆ ಇರಬೇಕು. ಇರಲಿ, ಬಹಳ ಸಂತೋಷ. ಆದರೆ ಅಲ್ಲಿ ಎಲ್ಲರಿಗೂ ಮಂಚವಿರುವುದರಿಂದ ಯಾರೂ ಯಾರಿಗೂ ಎದ್ದು ಜಾಗ ಬಿಡುವ ಪ್ರಸಂಗವೇ ಬರುವುದಿಲ್ಲ. ಆ ಒಂದು ಪುಣ್ಯ ಬೇಕಿದ್ದವರು ಇಲ್ಲೇ, ಒಂದೇ ಮಂಚವಿರುವ ಖೋಲಿಯಲ್ಲೇ ಕಟ್ಟಿಕೊಳ್ಳಬೇಕು.